ಪಂದ್ಯದ ಕಾರುಗಳನ್ನು ಹೊತ್ತ ಲಾರಿಗಳು

ಅಮೆರಿಕದ ಲಾಸ್ ವೇಗಾಸ್ ನಗರದಲ್ಲಿ ನ್ಯಾಸ್ಕಾರ್ ಸಂಸ್ಥೆಯ ಕಾರು ಪಂದ್ಯಗಳಿಗೆ ಮುನ್ನ ಲಾರಿಗಳ ಮೆರವಣಿಗೆಗಳು ನಡೆದಿವೆ. ಪಂದ್ಯದ ಕಾರುಗಳನ್ನು ಸಾಗಿಸುವ ಭಾರಿ ಲಾರಿಗಳು ‘ಸ್ಟ್ರಿಪ್’ ಎಂಬ ದೀಪಾಲಂಕೃತ ಬೀದಿಯಲ್ಲಿ ಒಂದರ ಹಿಂದೊಂದು ಮೆಲ್ಲನೆ ಸಾಗುತ್ತವೆ. ಜನರು ನೋಡಲು ಇಕ್ಕೆಲಗಳಲ್ಲಿ ನೆರೆಯುತ್ತಾರೆ. ಕಾರುಗಳೋ, ಬಣ್ಣ ಬಳಿದ ಟ್ರೇಲರುಗಳ ಒಳಗೆ ಅಡಗಿರುತ್ತವೆ. ತೇರುಂಟು, ಉತ್ಸವಮೂರ್ತಿಯ ದರ್ಶನವಿಲ್ಲ!

ಆದರೆ ಭೌತವಿಜ್ಞಾನದ ವಿದ್ಯಾರ್ಥಿಗೆ ಇಲ್ಲಿ ಮೂರ್ತಿಗಿಂತ ತೇರೇ ಹೆಚ್ಚು ಕುತೂಹಲಕರ. ಚಾಲಕನೂ ಇಂಧನವೂ ಸೇರಿ ಪಂದ್ಯದ ಕಾರಿನ ದ್ರವ್ಯರಾಶಿ ಸುಮಾರು 1,600 ಕಿಲೋಗ್ರಾಂ. ವೇಗ ಗಂಟೆಗೆ 300 ಕಿಲೋಮೀಟರು ಎಂದಿಟ್ಟುಕೊಳ್ಳೋಣ. ಆ ದೇಶದ ಹೆದ್ದಾರಿಗಳಲ್ಲಿ ಸಾಮಾನ್ಯವಾಗಿ ಒಂದು ಲಾರಿಗೆ ವಿಧಿಸಿರುವ ಒಟ್ಟು ಮಿತಿ ಸುಮಾರು 36 ಟನ್ನು. ಪೂರ್ಣ ಭಾರ ಹೊತ್ತು ಗಂಟೆಗೆ 100 ಕಿಲೋಮೀಟರು ವೇಗದಲ್ಲಿ ಓಡುವ ಲಾರಿಯ ಚಲನಶಕ್ತಿ ಕಾರಿನದಕ್ಕಿಂತ ಎರಡೂವರೆ ಪಟ್ಟು! ವಾಚಕರು ಲೆಕ್ಕಮಾಡಿ ನೋಡಬಹುದು. ಕಾರಿಗೆ ಸರಿಗಟ್ಟಲು ಲಾರಿಗೆ ಗಂಟೆಗೆ 63 ಕಿಲೋಮೀಟರು ವೇಗವೇ ಸಾಕು.

ಲಾರಿಯನ್ನು ನಿಲ್ಲಿಸಬೇಕಾದರೆ ಆ ಶಕ್ತಿಯೆಲ್ಲ ಎಲ್ಲಿ ಹೋಗಬೇಕು? ಶಕ್ತಿಯನ್ನು ನಾಶಪಡಿಸುವುದು ಬ್ರೇಕಿನಿಂದ ಸಾಧ್ಯವಿಲ್ಲ. ಬಹುಪಾಲನ್ನು ಅದು ಉಷ್ಣವಾಗಿ ಮಾರ್ಪಡಿಸುತ್ತದೆ. ಮೇಲಿನ ವೇಗದ ಲಾರಿಯಲ್ಲಿರುವ ಶಕ್ತಿ, ಒಂದು ಸ್ನಾನದ ಹಂಡೆಯಲ್ಲಿ 40 ಲೀಟರು ತಣ್ಣೀರನ್ನು ಕುದಿಸಲು ಸಾಕು. ಮೆರವಣಿಗೆಯಲ್ಲಿ ವೇಗ 20 ಕಿಲೋಮೀಟರಿಗೆ, ಅಂದರೆ ಐದರಲ್ಲೊಂದು ಪಾಲಿಗೆ ಇಳಿದರೆ, ಶಕ್ತಿ ಇಪ್ಪತ್ತೈದರಲ್ಲೊಂದು ಪಾಲಿಗೆ ಇಳಿಯುತ್ತದೆ. ಜನಸಂದಣಿಯ ನಡುವೆ ಲಾರಿಗಳು ತೆವಳುವುದು ಬರಿಯ ಅಲಂಕಾರಕ್ಕಲ್ಲ.

ಕಾರನ್ನು ಇರಿಸುವುದು ಟ್ರೇಲರಿನ ಮೇಲಂತಸ್ತಿನಲ್ಲಿ. ಕೆಳಗೆ ಉಪಕರಣಗಳು, ಬಿಡಿಭಾಗಗಳು. ಒಂದು ಕಾರನ್ನು 2 ಮೀಟರು ಎತ್ತರಿಸಿದರೆ ಇಡೀ ವಾಹನದ ಗುರುತ್ವಕೇಂದ್ರ ಸುಮಾರು 8 ಸೆಂಟಿಮೀಟರು ಮೇಲೇರುತ್ತದೆ. ಅಲ್ಪವೆನಿಸಿದರೂ, ಉರುಳುವ ಅಪಾಯ ಅಷ್ಟರಮಟ್ಟಿಗೆ ಹೆಚ್ಚಿತು. ನಾರ್ತ್ ಕ್ಯಾರೊಲಿನಾದ ಷಾರ್ಲಟ್ ಸುತ್ತಮುತ್ತ ನೆಲೆಸಿರುವ ತಂಡಗಳ ಲಾರಿಗಳು ಇಲ್ಲಿಗೆ ಸುಮಾರು 3,500 ಕಿಲೋಮೀಟರು ಬರಬೇಕು. ಆ ದಾರಿಯ ಪ್ರತಿಯೊಂದು ತಿರುವಿನಲ್ಲೂ ಚಾಲಕನು ಇದನ್ನು ನೆನಪಿಡಬೇಕು. ಪಂದ್ಯದ ಚಾಲಕನಿಗೆ ದೊರೆಯುವ ಕೀರ್ತಿಯಲ್ಲಿ ಈತನಿಗೂ ಪಾಲು ಸಲ್ಲಬೇಕೆಂದು ನನ್ನ ಅಭಿಪ್ರಾಯ.

ಇಂಥ ಲಾರಿಗಳ ಬ್ರೇಕು ಸಂಕುಚಿತ ವಾಯುವಿನಿಂದ ಕೆಲಸಮಾಡುತ್ತದೆ. 1869ರಲ್ಲಿ ಜಾರ್ಜ್ ವೆಸ್ಟಿಂಗ್‌ಹೌಸ್ ರೈಲುಗಳಿಗೆ ವಾಯುಬ್ರೇಕನ್ನು ರೂಪಿಸಿದನು. ಲಾರಿಯಲ್ಲಿ ಗಾಳಿ ಸೋರಿ ಒತ್ತಡ ತೀರ ಕುಗ್ಗಿದರೆ ಬಲವಾದ ಸ್ಪ್ರಿಂಗುಗಳು ತಾವಾಗಿಯೇ ಬ್ರೇಕು ಹಿಡಿಸುತ್ತವೆ. ಚಾಲಕನು ಲಾರಿ ನಿಲ್ಲಿಸಿ ನಿಲುಗಡೆಯ ಬ್ರೇಕು ಹಾಕಿದಾಗ ಕೇಳುವ ‘ಬುಸ್’ ಎಂಬ ಸದ್ದು, ಆ ಸ್ಪ್ರಿಂಗುಗಳನ್ನು ತಡೆದಿದ್ದ ಗಾಳಿ ಹೊರಬೀಳುವ ಸದ್ದು. ನಮ್ಮ ಬಸ್ಸು ನಿಲ್ದಾಣಗಳಲ್ಲೂ ಅದನ್ನು ಕೇಳಬಹುದು.