ಕತ್ತಿಯ ಅಂಚಿನಲ್ಲಿ ಉಳಿಯುವ ಕ್ಯಾನ್ಸರ್: ಬೆಳಕು ಎಷ್ಟು ತೋರಿಸಬಲ್ಲದು?

ಕೋಲಾರ ಜಿಲ್ಲೆಯ ಹಳ್ಳಿಗಳಲ್ಲಿ ಎಲೆ, ಅಡಿಕೆ, ಸುಣ್ಣದ ಜತೆ ಹೊಗೆಸೊಪ್ಪು ಅಗಿಯುವ ಅಭ್ಯಾಸ ತಲೆಮಾರುಗಳಿಂದ ಬಂದದ್ದು. ಹೋಳೂರು ಹೋಬಳಿಯಂತಹ ಕೃಷಿ ಪ್ರದೇಶದಲ್ಲಿ ಹೊಲದ ಕೆಲಸಕ್ಕೆ ಹೋಗುವ ಮಹಿಳೆಯರೂ ಇದಕ್ಕೆ ಹೊರತಲ್ಲ. ಅಗಿದ ಉಂಡೆಯನ್ನು ಗಂಟೆಗಟ್ಟಲೆ ದವಡೆಯಲ್ಲಿ ಒತ್ತರಿಸಿಕೊಳ್ಳುವುದರಿಂದ ಕೆನ್ನೆ ಮತ್ತು ಒಸಡು ಕೂಡುವ ಸಂದಿನಲ್ಲಿ ಕ್ಯಾನ್ಸರ್ ಹುಟ್ಟುವ ಅಪಾಯ ಹೆಚ್ಚು. ದೇಶದಲ್ಲಿ ಒಟ್ಟಾರೆ ಬಾಯಿ ಕ್ಯಾನ್ಸರ್ ಪುರುಷರಲ್ಲೇ ಅಧಿಕ. ಆದರೆ ಕೋಲಾರದ ರೋಗಿಗಳಲ್ಲಿ ಮಹಿಳೆಯರ ಪಾಲು ದೊಡ್ಡದೆಂಬುದನ್ನು ಟಮಕದ ಶ್ರೀ ದೇವರಾಜ ಅರಸು ವೈದ್ಯಕೀಯ ಕಾಲೇಜಿನ ವೈದ್ಯರ ಅಧ್ಯಯನಗಳು ದಾಖಲಿಸಿವೆ.

ಈ ರೋಗಕ್ಕೆ ಶಸ್ತ್ರಚಿಕಿತ್ಸೆಯೇ ಮುಖ್ಯ ಚಿಕಿತ್ಸೆ. ಗಡ್ಡೆಯನ್ನು ತೆಗೆದ ಮೇಲೆ ಉಳಿಯುವ ಪ್ರಶ್ನೆ ಒಂದೇ: ಅಲ್ಲಿ ಇನ್ನೂ ಏನಾದರೂ ಉಳಿದಿದೆಯೇ?

ಕಣ್ಣಿಗೆ ಕಾಣದ ಗಡಿ

ಕ್ಯಾನ್ಸರ್ ಎಲ್ಲಿ ಮುಗಿಯುತ್ತದೆ, ಆರೋಗ್ಯವಂತ ಮಾಂಸ ಎಲ್ಲಿ ಆರಂಭವಾಗುತ್ತದೆ ಎಂಬುದನ್ನು ಶಸ್ತ್ರವೈದ್ಯರು ಕಣ್ಣಿನಿಂದ ನೋಡಿ, ಬೆರಳಿನಿಂದ ಮುಟ್ಟಿ ಅಂದಾಜಿಸುತ್ತಾರೆ. ಗಡ್ಡೆಯ ಸುತ್ತ ಸುಮಾರು ಒಂದು ಸೆಂಟಿಮೀಟರ್ ಆರೋಗ್ಯವಂತ ಭಾಗವನ್ನೂ ಸೇರಿಸಿ ಕತ್ತರಿಸುವುದು ರೂಢಿ. ಬಳಿಕ ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿದಾಗ ಕ್ಯಾನ್ಸರ್‌ಗೂ ಕತ್ತರಿಸಿದ ಅಂಚಿಗೂ ನಡುವೆ ಕನಿಷ್ಠ 5 ಮಿಲಿಮೀಟರ್ ಅಂತರವಿದ್ದರೆ ಅಂಚು ರೋಗಮುಕ್ತ ಎನ್ನಲಾಗುತ್ತದೆ.

ಪೂರ್ಣ ವರದಿ ಬರುವುದು ಕೆಲವು ದಿನಗಳ ನಂತರ. ಅಂಚಿನಲ್ಲಿ ಕ್ಯಾನ್ಸರ್ ಕೋಶಗಳಿದ್ದರೆ ಮತ್ತೊಂದು ಶಸ್ತ್ರಚಿಕಿತ್ಸೆ, ಇಲ್ಲವೇ ವಿಕಿರಣ ಚಿಕಿತ್ಸೆಯೊಂದಿಗೆ ಕೀಮೋಥೆರಪಿ ಬೇಕಾಗುತ್ತದೆ. ವಿಕಿರಣ ಚಿಕಿತ್ಸೆ ಎಂದರೆ ಸಾಮಾನ್ಯವಾಗಿ ವಾರಕ್ಕೆ ಐದು ದಿನದಂತೆ ಆರು ವಾರ ಆಸ್ಪತ್ರೆಗೆ ಓಡಾಟ. ದಿನಗೂಲಿ ನಂಬಿದ ಕುಟುಂಬಕ್ಕೆ ಆ ಕೆಲವು ಮಿಲಿಮೀಟರ್‌ಗಳ ಬೆಲೆ ಸಣ್ಣದಲ್ಲ.

ಶಸ್ತ್ರಚಿಕಿತ್ಸೆ ನಡೆಯುತ್ತಿರುವಾಗಲೇ ಅಂಚನ್ನು ಪರೀಕ್ಷಿಸುವ ವಿಧಾನ ಈಗಾಗಲೇ ಇದೆ. ‘ಫ್ರೋಜನ್ ಸೆಕ್ಷನ್’ ಎಂಬ ಈ ಕ್ರಮದಲ್ಲಿ ತುಣುಕನ್ನು ಹೆಪ್ಪುಗಟ್ಟಿಸಿ, ತೆಳುವಾಗಿ ಸೀಳಿ, ಅರ್ಧ ಗಂಟೆಯ ಆಸುಪಾಸಿನಲ್ಲಿ ಪೆಥಾಲಜಿ ತಜ್ಞರು ಉತ್ತರ ನೀಡುತ್ತಾರೆ. ಆದರೆ ಇಡೀ ಅಂಚನ್ನು ಹೀಗೆ ನೋಡಲು ಸಾಧ್ಯವಿಲ್ಲ. ಆಯ್ದ ಕೆಲವು ಜಾಗಗಳಷ್ಟೇ ಪರೀಕ್ಷೆಗೆ ಒಳಪಡುತ್ತವೆ.

ಕೋಶ ಹೊಳೆಯುವ ಬಗೆ

ಈ ಕೊರತೆಯನ್ನು ತುಂಬಲು ವಿಜ್ಞಾನಿಗಳು ಬೆಳಕಿನ ಮೊರೆ ಹೋಗಿದ್ದಾರೆ. ಮೊದಲ ದೊಡ್ಡ ಯಶಸ್ಸು ದೊರೆತದ್ದು ಮಿದುಳಿನ ಗಡ್ಡೆಯಲ್ಲಿ. 5-ಎಎಲ್‌ಎ ಎಂಬ ದ್ರಾವಣವನ್ನು ರೋಗಿ ಶಸ್ತ್ರಚಿಕಿತ್ಸೆಗೆ ಕೆಲವು ಗಂಟೆ ಮೊದಲು ಕುಡಿಯುತ್ತಾರೆ. ಗಡ್ಡೆಯ ಕೋಶಗಳು ಅದನ್ನು ಬೇರೊಂದು ವಸ್ತುವಾಗಿ ಮಾರ್ಪಡಿಸುತ್ತವೆ. ಆ ವಸ್ತು ನೀಲಿ ಬೆಳಕಿನಲ್ಲಿ ಕೆಂಪಾಗಿ ಹೊಳೆಯುತ್ತದೆ. 2006ರಲ್ಲಿ ಪ್ರಕಟವಾದ ಜರ್ಮನಿಯ ಅಧ್ಯಯನದಲ್ಲಿ ಈ ವಿಧಾನದಿಂದ ಶೇ 65ರಷ್ಟು ರೋಗಿಗಳ ಗಡ್ಡೆಯನ್ನು ಪೂರ್ಣವಾಗಿ ತೆಗೆಯಲು ಸಾಧ್ಯವಾಯಿತು. ಸಾಮಾನ್ಯ ಬೆಳಕಿನಲ್ಲಿ ಈ ಪ್ರಮಾಣ ಶೇ 36 ಮಾತ್ರ.

ಸ್ತನ ಕ್ಯಾನ್ಸರ್‌ಗಾಗಿ ರೂಪಿಸಿದ ‘ಲುಮಿಸೈಟ್’ ಎಂಬ ಬಣ್ಣದ್ರವ್ಯಕ್ಕೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2024ರ ಏಪ್ರಿಲ್‌ನಲ್ಲಿ ಅನುಮತಿ ನೀಡಿತು. ಗಡ್ಡೆಯನ್ನು ತೆಗೆದ ಬಳಿಕ ಅಲ್ಲಿನ ಕುಳಿಯೊಳಗೆ ಸಣ್ಣ ಕ್ಯಾಮೆರಾ ಹಿಡಿದು ಹುಡುಕಿದಾಗ, 357 ಮಹಿಳೆಯರ ಪೈಕಿ 27 ಮಂದಿಯಲ್ಲಿ ಉಳಿದಿದ್ದ ಕ್ಯಾನ್ಸರ್ ಪತ್ತೆಯಾಗಿ ಅದನ್ನು ತೆಗೆಯಲಾಯಿತು. ಆದರೆ ಉಳಿದಿದ್ದ ಕ್ಯಾನ್ಸರ್‌ನಲ್ಲಿ ಸುಮಾರು ಅರ್ಧದಷ್ಟನ್ನು ಮಾತ್ರ ಉಪಕರಣ ಗುರುತಿಸಿತು. ಬಣ್ಣದ್ರವ್ಯ ಪಡೆದ ಇಬ್ಬರಿಗೆ ತೀವ್ರ ಅಲರ್ಜಿಯೂ ಉಂಟಾಯಿತು.

ಬಾಯಿಯ ವಿಷಯದಲ್ಲಿ ಎಚ್ಚರಿಕೆ

ಬಾಯಿ ಕ್ಯಾನ್ಸರ್‌ನಲ್ಲಿ ಬಣ್ಣದ್ರವ್ಯವಿಲ್ಲದೆಯೂ ಒಂದು ವಿಧಾನವನ್ನು ಪ್ರಯತ್ನಿಸಲಾಗಿದೆ. ಆರೋಗ್ಯವಂತ ಬಾಯಿಯ ಪದರ ನೀಲಿ ಬೆಳಕಿಗೆ ತಾನಾಗಿಯೇ ಹಸಿರು ಹೊಳಪು ನೀಡುತ್ತದೆ. ರೋಗವಿರುವ ಭಾಗ ಕಪ್ಪಾಗಿ ಕಾಣುತ್ತದೆ. ಈ ಬೆಳಕಿನ ನೆರವಿನಿಂದ ಗಡಿ ಗುರುತಿಸಿ ಕತ್ತರಿಸಿದಾಗ ರೋಗ ಮರುಕಳಿಸುವುದು ಬಹಳ ಕಡಿಮೆಯಾಯಿತೆಂದು 2016ರಲ್ಲಿ ಕೆನಡಾದ ವೈದ್ಯರು ವರದಿ ಮಾಡಿದ್ದರು. ಆದರೆ ರೋಗಿಗಳನ್ನು ಚೀಟಿ ಎತ್ತಿದಂತೆ ಎರಡು ಗುಂಪುಗಳಾಗಿ ವಿಂಗಡಿಸಿ ಅಲ್ಲಿಯೇ ನಡೆಸಿದ, 2020ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ ಆ ಲಾಭ ಕಂಡುಬರಲಿಲ್ಲ.

ನೀಲಿ ಬೆಳಕು ಮೇಲ್ಪದರವನ್ನಷ್ಟೇ ತೋರಿಸುತ್ತದೆ. ಕೆನ್ನೆಯ ಸ್ನಾಯುವಿನೊಳಗೆ ಇಳಿದ ಕ್ಯಾನ್ಸರ್ ಅದಕ್ಕೆ ಕಾಣದು. ಉರಿಯೂತವಿರುವ ಜಾಗವೂ ಕಪ್ಪಾಗಿ ಕಾಣಬಹುದು. ವರ್ಷಗಟ್ಟಲೆ ಹೊಗೆಸೊಪ್ಪು ಅಗಿದ ಬಾಯಿಯಲ್ಲಿ ಅಂತಹ ಜಾಗಗಳಿಗೆ ಕೊರತೆಯಿಲ್ಲ. ಹೀಗಾಗಿ ಕ್ಯಾನ್ಸರ್ ಕೋಶಕ್ಕೇ ಅಂಟಿಕೊಳ್ಳುವ ಬಣ್ಣದ್ರವ್ಯಗಳ ಕಡೆಗೆ ಈಗ ಸಂಶೋಧನೆ ಸಾಗಿದೆ.

ಅಲ್ಲಿಯವರೆಗೆ ರೋಗಿಗೆ ಆಸರೆಯಾಗುವುದು ಪೆಥಾಲಜಿ ವರದಿಯೇ. ಚಿಕಿತ್ಸೆ ಟಮಕದಲ್ಲಾಗಲಿ, ಬೆಂಗಳೂರಿನ ಕಿದ್ವಾಯಿಯಲ್ಲಾಗಲಿ, ‘ಅಂಚು ರೋಗಮುಕ್ತವೇ, ಅಂತರ ಎಷ್ಟು ಮಿಲಿಮೀಟರ್?’ ಎಂದು ಕೇಳಿ ತಿಳಿಯುವ ಹಕ್ಕು ರೋಗಿಯ ಮನೆಯವರಿಗಿದೆ. ಮನೆಗೆ ಮರಳುವ ಆತುರದಲ್ಲಿ ಆ ವರದಿಯನ್ನು ಪಡೆಯದೆ ಬಿಡಬಾರದು.

ಗಡ್ಡೆ ಚಿಕ್ಕದಿದ್ದಷ್ಟೂ ರೋಗಮುಕ್ತ ಅಂಚು ಸಿಗುವುದು ಸುಲಭ. ಎರಡು ವಾರ ಕಳೆದರೂ ಮಾಯದ ಬಾಯಿಹುಣ್ಣು, ಬಿಳಿ ಅಥವಾ ಕೆಂಪು ಮಚ್ಚೆ, ಬಾಯಿ ತೆರೆಯಲು ಕಷ್ಟ ಇವುಗಳಲ್ಲಿ ಯಾವುದೇ ಇದ್ದರೂ ವೈದ್ಯರಿಗೆ ತೋರಿಸಬೇಕು. ಇದಕ್ಕೆ ಸಾಧಾರಣ ಟಾರ್ಚಿನ ಬೆಳಕೇ ಸಾಕು.