ವಹಿವಾಟಿಗೆ ವಿಮೆ: ಕಂತು ಕಟ್ಟಿದರಷ್ಟೇ ಸಾಲದು

ಬೇಲೂರು ತಾಲ್ಲೂಕಿನ ಹೋಬಳಿ ಕೇಂದ್ರವಾದ ಬಿಕ್ಕೋಡು ದೊಡ್ಡ ಪೇಟೆಯೇನಲ್ಲ. ಆದರೆ ಕಾಫಿ ಕೊಯ್ಲು ಆರಂಭವಾದೊಡನೆ ಈ ಭಾಗದ ವ್ಯಾಪಾರದ ಚಹರೆಯೇ ಬದಲಾಗುತ್ತದೆ. ಮಳೆಗಾಲದಲ್ಲಿ ಬಹುಪಾಲು ಖಾಲಿಯಿರುವ ಗೋದಾಮು ಫೆಬ್ರುವರಿಯ ಹೊತ್ತಿಗೆ ಕಾಫಿ ಮೂಟೆಗಳಿಂದ ತುಂಬಿಕೊಳ್ಳುತ್ತದೆ. ವ್ಯಾಪಾರಿಯ ವರ್ಷದ ಬಂಡವಾಳವೆಲ್ಲ ಒಂದೇ ಸೂರಿನಡಿ ಸೇರುವ ಇಂಥ ವಹಿವಾಟು ಮುಳುಗಲು ಒಂದು ಬೆಂಕಿ ಅವಘಡ ಸಾಕು.

‘ನಮಗೆ ವಿಮೆ ಇದೆ’ ಎಂಬ ಸಮಾಧಾನ ಹಲವು ಸಣ್ಣ ವ್ಯಾಪಾರಿಗಳಲ್ಲಿರುತ್ತದೆ. ಬ್ಯಾಂಕು ಸಾಲ ಕೊಡುವಾಗ ಮಾಡಿಸಿದ ಪಾಲಿಸಿ ವರ್ಷವರ್ಷವೂ ನವೀಕರಣಗೊಳ್ಳುತ್ತಿರುತ್ತದೆ. ಅದನ್ನು ಬಿಡಿಸಿ ಓದುವ ಗೋಜಿಗೆ ಹೋಗುವವರು ಕಡಿಮೆ. ಎಷ್ಟು ಮೊತ್ತಕ್ಕೆ, ಯಾವ ಆಪತ್ತಿಗೆ, ಯಾರ ಸರಕಿಗೆ, ಎಲ್ಲಿರುವ ಸರಕಿಗೆ ಎಂಬ ನಾಲ್ಕು ಪ್ರಶ್ನೆಗಳಿಗೆ ಪಾಲಿಸಿಯಲ್ಲಿ ಸ್ಪಷ್ಟ ಉತ್ತರವಿದ್ದರೆ ಮಾತ್ರ ಅದು ಕಷ್ಟಕಾಲಕ್ಕೆ ಒದಗುತ್ತದೆ.

ಎಷ್ಟು ಮೊತ್ತಕ್ಕೆ?

ಸಣ್ಣ ಉದ್ದಿಮೆಗಳಿಗೆಂದೇ ವಿಮಾ ನಿಯಂತ್ರಣ ಪ್ರಾಧಿಕಾರವು 2021ರ ಏಪ್ರಿಲ್ 1ರಿಂದ ಎರಡು ಮಾದರಿ ಪಾಲಿಸಿಗಳನ್ನು ಜಾರಿಗೆ ತಂದಿತು. ಒಂದು ಸ್ಥಳದಲ್ಲಿರುವ ಕಟ್ಟಡ, ಯಂತ್ರ ಹಾಗೂ ದಾಸ್ತಾನಿನ ಒಟ್ಟು ಮೌಲ್ಯ 5 ಕೋಟಿ ರೂಪಾಯಿವರೆಗೆ ಇದ್ದರೆ ‘ಭಾರತ್ ಸೂಕ್ಷ್ಮ ಉದ್ಯಮ್ ಸುರಕ್ಷಾ’. ಅದನ್ನು ಮೀರಿ 50 ಕೋಟಿವರೆಗೆ ಇದ್ದರೆ ‘ಭಾರತ್ ಲಘು ಉದ್ಯಮ್ ಸುರಕ್ಷಾ’. ಬಿಕ್ಕೋಡಿನಂಥ ಊರಿನ ಅಂಗಡಿ, ಗೋದಾಮು, ಹಿಟ್ಟಿನ ಗಿರಣಿಗಳಿಗೆ ಸಾಮಾನ್ಯವಾಗಿ ಮೊದಲನೆಯದೇ ಅನ್ವಯ.

ಇಲ್ಲಿ ಎಡವುವುದು ಮೊತ್ತದ ವಿಷಯದಲ್ಲಿ. ಉದಾಹರಣೆಗೆ, ಗೋದಾಮಿನಲ್ಲಿ 40 ಲಕ್ಷ ರೂಪಾಯಿಯ ಕಾಫಿ ಇದೆ, ವಿಮೆ ಮಾಡಿಸಿರುವುದು 20 ಲಕ್ಷಕ್ಕೆ ಎಂದುಕೊಳ್ಳೋಣ. ಬೆಂಕಿಯಲ್ಲಿ 10 ಲಕ್ಷದ ಸರಕು ನಾಶವಾಯಿತು. ನಷ್ಟವು ವಿಮಾ ಮೊತ್ತದ ಒಳಗೇ ಇರುವುದರಿಂದ ಪೂರ್ಣ 10 ಲಕ್ಷ ಸಿಗುತ್ತದೆಂದು ವ್ಯಾಪಾರಿ ಭಾವಿಸುತ್ತಾನೆ. ಸಿಗುವುದು 5 ಲಕ್ಷ ಮಾತ್ರ. ಅರ್ಧ ಮೌಲ್ಯಕ್ಕೆ ವಿಮೆ ಮಾಡಿಸಿದವನು ಉಳಿದರ್ಧಕ್ಕೆ ತಾನೇ ಹೊಣೆಗಾರ ಎಂಬುದು ಅಗ್ನಿ ವಿಮೆಯ ಹಳೆಯ ನಿಯಮ. ಕೊರತೆ ಶೇ 15ರೊಳಗಿದ್ದರೆ ಕಡಿತ ಮಾಡಬಾರದೆಂಬ ರಿಯಾಯಿತಿ ಹೊಸ ಪಾಲಿಸಿಯಲ್ಲಿದೆ. ಅಂದರೆ ಮೇಲಿನ ಲೆಕ್ಕದಲ್ಲಿ 35 ಲಕ್ಷಕ್ಕೆ ವಿಮೆ ಮಾಡಿಸಿದ್ದರೆ ಕಡಿತವಿಲ್ಲ. 20 ಲಕ್ಷಕ್ಕೆ ಮಾಡಿಸಿದವನಿಗೆ ಈ ರಿಯಾಯಿತಿ ನೆರವಾಗದು.

ಕಾಫಿ ಧಾರಣೆ 2024 ಮತ್ತು 2025ರಲ್ಲಿ ಏರಿದ ಪರಿಯನ್ನು ಬೆಳೆಗಾರರೆಲ್ಲ ಬಲ್ಲರು. ಮೂಟೆಗಳ ಸಂಖ್ಯೆ ಅಷ್ಟೇ ಇದ್ದರೂ ಅವುಗಳ ಮೌಲ್ಯ ಬಹಳ ಹೆಚ್ಚಿತು. ಹಳೆಯ ಧಾರಣೆಯ ಲೆಕ್ಕದಲ್ಲಿ ನಿಗದಿಯಾದ ವಿಮಾ ಮೊತ್ತ ಹೀಗೆ ಯಾರ ಗಮನಕ್ಕೂ ಬಾರದೆ ಕೊರತೆಯಾಗುತ್ತದೆ. ಆದ್ದರಿಂದ ಸುಗ್ಗಿಯ ಗರಿಷ್ಠ ದಾಸ್ತಾನನ್ನು ಅಂದಿನ ಧಾರಣೆಯಲ್ಲಿ ಲೆಕ್ಕ ಹಾಕಿ, ಕೊಯ್ಲು ಆರಂಭವಾಗುವ ಮೊದಲೇ ಮೊತ್ತವನ್ನು ಏರಿಸಿಕೊಳ್ಳಬೇಕು. ಕಟ್ಟಡ, ಯಂತ್ರಗಳಿಗೆ ಇಂದು ಹೊಸದಾಗಿ ಕಟ್ಟಲು, ಕೊಳ್ಳಲು ತಗಲುವ ವೆಚ್ಚವೇ ಮಾನದಂಡ. ನಿವೇಶನದ ಬೆಲೆ ಸೇರಿಸಬೇಕಿಲ್ಲ.

ಯಾವ ಆಪತ್ತಿಗೆ?

ಬೆಂಕಿ, ಸಿಡಿಲು, ಸ್ಫೋಟ, ಭೂಕಂಪ, ಬಿರುಗಾಳಿ, ಪ್ರವಾಹ, ಭೂಕುಸಿತ, ಗಲಭೆ ಇವೆಲ್ಲ ಈ ಪಾಲಿಸಿಯ ವ್ಯಾಪ್ತಿಯಲ್ಲಿವೆ. ಕಣದಲ್ಲಿ ಒಣಗಲು ಹರಡಿದ ಕಾಫಿ ಅಕಾಲಿಕ ಮಳೆಗೆ ನೆನೆದು ಕಪ್ಪಿಟ್ಟರೆ, ಗೋದಾಮಿನ ತೇವಕ್ಕೆ ಮೂಟೆ ಬೂಷ್ಟು ಹಿಡಿದರೆ ಅದು ವ್ಯಾಪಾರದ ಸಹಜ ನಷ್ಟವೇ ಹೊರತು ವಿಮೆಗೆ ಒಳಪಡುವ ಆಪತ್ತಲ್ಲ.

ಕಳ್ಳತನದ ವಿಷಯದಲ್ಲೂ ತಪ್ಪು ತಿಳಿವಳಿಕೆ ಸಾಮಾನ್ಯ. ಬೆಂಕಿ, ಪ್ರವಾಹದಂಥ ಆಪತ್ತಿನ ಬೆನ್ನಿಗೇ 7 ದಿನಗಳೊಳಗೆ ನಡೆದ ಕಳವಿಗೆ ಮಾತ್ರ ಈ ಪಾಲಿಸಿ ಹೊಣೆ. ಬೀಗ ಒಡೆದು ಮೂಟೆ ಹೊತ್ತೊಯ್ದರೆ ಅದಕ್ಕೆ ಪ್ರತ್ಯೇಕ ಕನ್ನಗಳವು ವಿಮೆ ಬೇಕು. ಅದರಲ್ಲಿಯೂ ಬಲಪ್ರಯೋಗದಿಂದ ಒಳನುಗ್ಗಿದ ಗುರುತು ಇರಬೇಕೆಂಬ ಷರತ್ತು ಸಾಮಾನ್ಯ. ನಂಬಿದ ನೌಕರನೇ ಮೋಸ ಮಾಡಿದರೆ ಅದಕ್ಕೆ ಬೇರೆಯದೇ ಆದ ನಿಷ್ಠಾ ಖಾತರಿ ವಿಮೆ ಇದೆ.

ಬಿಕ್ಕೋಡು, ಅರೇಹಳ್ಳಿ ಭಾಗದಲ್ಲಿ ಕಾಡಾನೆಯ ಪ್ರಶ್ನೆಯೂ ಉಂಟು. ಹಿಂದಿನ ಮಾದರಿ ಅಗ್ನಿ ಪಾಲಿಸಿಯಲ್ಲಿ ವಾಹನದ ಜತೆಗೆ ಪ್ರಾಣಿಯು ನೇರವಾಗಿ ತಾಕಿ ಆಗುವ ಹಾನಿಯನ್ನೂ ಹೆಸರಿಸಲಾಗಿತ್ತು. ಹೊಸ ಪಾಲಿಸಿಯು ‘ಹೊರಗಿನ ಭೌತಿಕ ವಸ್ತು’ವಿನ ಡಿಕ್ಕಿ ಎನ್ನುತ್ತದೆ. ವಾಹನ, ಬೀಳುವ ಮರ, ವಿಮಾನ, ಗೋಡೆ ಎಂಬ ಉದಾಹರಣೆಗಳನ್ನು ಕೊಡುತ್ತದೆ, ಪ್ರಾಣಿಯ ಹೆಸರಿಲ್ಲ. ಆನೆ ಗೋದಾಮಿನ ಗೋಡೆ ಕೆಡವಿದರೆ ಪರಿಹಾರ ಉಂಟೇ ಎಂಬುದನ್ನು ಕಂಪನಿಯಿಂದ ಮೊದಲೇ ಬರಹದಲ್ಲಿ ಪಡೆದುಕೊಳ್ಳುವುದು ಜಾಣತನ. ಏಜೆಂಟರ ಬಾಯಿಮಾತು ಸಾಲದು.

ಯಾರ ಸರಕಿಗೆ?

ಮಲೆನಾಡಿನಲ್ಲಿ ಬೆಳೆಗಾರರು ಒಳ್ಳೆಯ ಧಾರಣೆಗಾಗಿ ಕಾಯುತ್ತಾ ತಮ್ಮ ಕಾಫಿಯನ್ನು ವ್ಯಾಪಾರಿಯ ಗೋದಾಮಿನಲ್ಲೋ ಕ್ಯೂರಿಂಗ್ ವರ್ಕ್ಸ್‌ನಲ್ಲೋ ಇಡುವುದುಂಟು. ಇನ್ನೊಬ್ಬರ ಪರವಾಗಿ ಇರಿಸಿಕೊಂಡ ಇಂಥ ಸರಕನ್ನು ಪಾಲಿಸಿಯಲ್ಲಿ ಸ್ಪಷ್ಟವಾಗಿ ನಮೂದಿಸದಿದ್ದರೆ ವಿವಾದ ತಪ್ಪಿದ್ದಲ್ಲ.

ಕರ್ನಾಟಕದ್ದೇ ಒಂದು ಪ್ರಕರಣ ಇದಕ್ಕೆ ಸಾಕ್ಷಿ. ಬ್ಯಾಡಗಿ ಮೆಣಸಿನಕಾಯಿ ಮುಂತಾದ ಬೆಳೆಗಳನ್ನು ಶೀತಲಗೃಹವೊಂದರಲ್ಲಿಟ್ಟು, ಅದರ ಆಧಾರದ ಮೇಲೆ ರೈತರು ಕೆನರಾ ಬ್ಯಾಂಕಿನಿಂದ ಸಾಲ ಪಡೆದಿದ್ದರು. ವಿಮೆ ಶೀತಲಗೃಹದ ಹೆಸರಿನಲ್ಲಿತ್ತು. 2014ರ ಜನವರಿಯಲ್ಲಿ ಬೆಂಕಿಗೆ ಸರಕೆಲ್ಲ ಆಹುತಿಯಾಯಿತು. ರೈತರಿಗೂ ತನಗೂ ಒಪ್ಪಂದವೇ ಇಲ್ಲ ಎಂಬುದು ಯುನೈಟೆಡ್ ಇಂಡಿಯಾ ಇನ್ಶೂರೆನ್ಸ್ ಕಂಪನಿಯ ವಾದಗಳಲ್ಲೊಂದು. ವಿಮೆಯ ಫಲಾನುಭವಿಗಳಾದ ರೈತರೂ ಗ್ರಾಹಕರೇ ಎಂದು ಸುಪ್ರೀಂ ಕೋರ್ಟ್ ಅವರ ಪರವಾಗಿ ತೀರ್ಪಿತ್ತದ್ದು 2020ರ ಫೆಬ್ರುವರಿಯಲ್ಲಿ. ನ್ಯಾಯವೇನೋ ದೊರೆಯಿತು, ಆದರೆ ಆರು ವರ್ಷ ಕಳೆದಿತ್ತು.

ಎಲ್ಲಿರುವ ಸರಕಿಗೆ?

ಪಾಲಿಸಿಯಲ್ಲಿ ಬರೆದ ವಿಳಾಸದ ಸರಕಿಗೆ ಮಾತ್ರ ರಕ್ಷಣೆ. ಸುಗ್ಗಿಯಲ್ಲಿ ಬಾಡಿಗೆಗೆ ಹಿಡಿದ ಎರಡನೇ ಗೋದಾಮು, ಬಯಲಿನ ಕಣ ಎಲ್ಲವನ್ನೂ ನಮೂದಿಸಬೇಕು. ಹಾಸನಕ್ಕೋ ಚಿಕ್ಕಮಗಳೂರಿಗೋ ಲಾರಿಯಲ್ಲಿ ಹೊರಟ ಸರಕಿಗೆ ಸಾಗಣೆ ವಿಮೆ ಪ್ರತ್ಯೇಕ. ಲಾರಿಯ ವಾಹನ ವಿಮೆ ಅದರಲ್ಲಿರುವ ಮೂಟೆಗಳಿಗೆ ಅನ್ವಯಿಸದು. ಮೂಟೆ ಹೊರುವ, ಯಂತ್ರ ನಡೆಸುವ ಕೆಲಸಗಾರರಿಗೆ ಗಾಯವಾದರೆ ಮಾಲೀಕನ ಮೇಲೆ ಬರುವ ಪರಿಹಾರದ ಹೊಣೆಗೂ ಬೇರೆ ವಿಮೆ ಅಗತ್ಯ.

ಎಲ್ಲ ವಿಮೆಯನ್ನೂ ಒಮ್ಮೆಗೇ ಕೊಳ್ಳುವ ಶಕ್ತಿ ಎಲ್ಲರಿಗೂ ಇರುವುದಿಲ್ಲ. ಯಾವ ನಷ್ಟ ಬಂದರೆ ಅಂಗಡಿಯನ್ನೇ ಮುಚ್ಚಬೇಕಾಗುತ್ತದೋ ಅದಕ್ಕೆ ಮೊದಲು ಪೂರ್ಣ ಮೊತ್ತದ ವಿಮೆ ಮಾಡಿಸಿ, ಕೈಯಿಂದ ಭರಿಸಬಹುದಾದ ಸಣ್ಣ ನಷ್ಟಗಳನ್ನು ಕೊನೆಗೆ ಇಟ್ಟುಕೊಳ್ಳುವುದು ಸರಿಯಾದ ಕ್ರಮ.

ಅವಘಡ ಸಂಭವಿಸಿದರೆ ಕಂಪನಿಗೆ ಕೂಡಲೇ ತಿಳಿಸಿ, ಸರ್ವೇಯರ್ ನೋಡುವ ಮುನ್ನ ಅವಶೇಷ ತೆರವುಗೊಳಿಸದಿರುವುದು ಮುಖ್ಯ. ದಾಸ್ತಾನು ಪುಸ್ತಕ, ಖರೀದಿ ಬಿಲ್ಲುಗಳ ಪ್ರತಿಯನ್ನು ಗೋದಾಮಿನಿಂದ ಹೊರಗೆ ಬೇರೊಂದು ಕಡೆ ಇಟ್ಟಿರಬೇಕು; ಸರಕಿನೊಡನೆ ಲೆಕ್ಕವೂ ಸುಟ್ಟರೆ ನಷ್ಟವನ್ನು ಸಾಬೀತುಪಡಿಸುವುದು ಕಷ್ಟ. ಕಂಪನಿಯ ನಿರ್ಧಾರ ಒಪ್ಪಿಗೆಯಾಗದಿದ್ದರೆ ಏಕಮಾಲೀಕತ್ವದ ವ್ಯಾಪಾರಿಗಳು ಹಾಗೂ ಸೂಕ್ಷ್ಮ ಉದ್ದಿಮೆದಾರರು ಒಂದು ವರ್ಷದೊಳಗೆ ಬೆಂಗಳೂರಿನ ವಿಮಾ ಒಂಬುಡ್ಸ್‌ಮನ್‌ಗೆ ಶುಲ್ಕವಿಲ್ಲದೆ ದೂರು ಸಲ್ಲಿಸಬಹುದು.