ನಿಮಗಿದು ಗೊತ್ತೆ? ಬೆಳಕು ಬಿದ್ದರೆ ಮಾತ್ರ ಕೆರಳುವ ಕ್ಯಾನ್ಸರ್ ಮದ್ದು

ಕ್ಯಾನ್ಸರಿಗೆ ಫೋಟೊಫ್ರಿನ್ ಎಂಬ ಮದ್ದು ಚುಚ್ಚಿಸಿಕೊಂಡವರು ಕನಿಷ್ಠ 30 ದಿನ ಬಿಸಿಲಿಗೆ ಮೈಯೊಡ್ಡುವಂತಿಲ್ಲ. ಅಂಥವರು ನಡುಹಗಲು ಪಣಂಬೂರು ಕಡಲತೀರದಲ್ಲಿ ತುಸು ಹೊತ್ತು ನಿಂತರೂ ಚರ್ಮ ಸುಟ್ಟು ಬಾತುಕೊಳ್ಳಬಹುದು.

ಮದ್ದನ್ನು ಎಬ್ಬಿಸುವುದೇ ಬೆಳಕು. ಚುಚ್ಚಿದ 40ರಿಂದ 50 ಗಂಟೆಗಳ ನಂತರ ವೈದ್ಯರು ಗಡ್ಡೆಯ ಮೇಲೆ 630 ನ್ಯಾನೋಮೀಟರ್ ತರಂಗಾಂತರದ ಕೆಂಪು ಲೇಸರ್ ಹಾಯಿಸುತ್ತಾರೆ. ಮದ್ದು ಆ ಶಕ್ತಿಯನ್ನು ಹೀರಿ ಪಕ್ಕದ ಆಮ್ಲಜನಕಕ್ಕೆ ದಾಟಿಸುತ್ತದೆ. ಕೆರಳಿದ ಆಮ್ಲಜನಕ ಜೀವಕೋಶದ ಪೊರೆ, ಪ್ರೋಟೀನುಗಳನ್ನು ಹಾಳುಗೆಡವುತ್ತದೆ. ಅದರ ಆಯುಸ್ಸು ಎಷ್ಟು ಕಡಿಮೆಯೆಂದರೆ, ಕೂದಲಿನ ದಪ್ಪದ ನೂರನೇ ಒಂದು ಪಾಲಿನಷ್ಟು ದೂರವನ್ನೂ ಅದು ದಾಟದು.

ಬೆಳಕು ಹೀಗೆ ಬಣ್ಣವನ್ನು ಕೆರಳಿಸಿ ಕೊಲ್ಲುವುದರ ಮೊದಲ ಸುಳಿವು ಸಿಕ್ಕಿದ್ದು 1900ರ ಸುಮಾರಿಗೆ, ಮ್ಯೂನಿಕ್‌ನಲ್ಲಿ. ಅಕ್ರಿಡಿನ್ ಬಣ್ಣ ಬೆರೆತ ನೀರಿನಲ್ಲಿದ್ದ ಪ್ಯಾರಮೀಸಿಯಂ ಜೀವಿಗಳು ಬೆಳಕಿದ್ದಾಗ ಬೇಗ ಸಾಯುವುದನ್ನು ವಿದ್ಯಾರ್ಥಿ ಆಸ್ಕರ್ ರಾಬ್ ಗಮನಿಸಿದ್ದರು.

ತೊಡಕೂ ಇದೆ. ಬೆಳಕಿಗೆ ಕೆರಳುವ ಇಂಥ ಬಹುಪಾಲು ಬಣ್ಣಗಳು ನೀರಿನಲ್ಲಿ ಸರಿಯಾಗಿ ಕರಗವು. ರಕ್ತದಲ್ಲಿ ಗಂಟುಕಟ್ಟಿ ಶಕ್ತಿ ಕಳೆದುಕೊಳ್ಳುತ್ತವೆ. ಅದಕ್ಕೇ ವಿಜ್ಞಾನಿಗಳು ಅವನ್ನು ಪಾಲಿಎಥಿಲೀನ್ ಗ್ಲೈಕಾಲ್‌ನಂಥ, ನೀರಿನಲ್ಲಿ ಕರಗುವ ಪಾಲಿಮರ್ ಸರಪಳಿಗೆ ಜೋಡಿಸುತ್ತಾರೆ. ಇದರಿಂದ ಇನ್ನೊಂದು ಲಾಭವೂ ಇದೆ: ಗಡ್ಡೆಯ ರಕ್ತನಾಳಗಳು ಸೋರುವುದು ಹೆಚ್ಚು. ದೊಡ್ಡ ಸರಪಳಿ ಅಲ್ಲಿ ನುಸುಳಿದರೆ ಬೇಗ ಹೊರಬಾರದು. ಆದರೆ ಎಲ್ಲ ಗಡ್ಡೆಗಳಲ್ಲೂ ಇದು ಒಂದೇ ತೆರನಾಗಿ ನಡೆಯುವುದಿಲ್ಲ.

ನಮ್ಮ ರಾಜ್ಯದಲ್ಲೇ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಖಿಲ್ ಆರ್. ಚಕ್ರವರ್ತಿ ಅವರ ತಂಡ ಅರಿಸಿನದ ಕರ್ಕ್ಯುಮಿನ್ ಅನ್ನು ಪ್ಲಾಟಿನಮ್‌ಗೆ ಬೆಸೆದು, ಬೆಳಕಿನಲ್ಲಿ ಕ್ಯಾನ್ಸರ್ ಕೋಶಗಳನ್ನು ಕೊಲ್ಲುವ ಸಂಯುಕ್ತ ರೂಪಿಸಿದೆ. ಪ್ರಯೋಗಾಲಯದ ಈ ಹೆಜ್ಜೆ ನಿಜಕ್ಕೂ ಹೆಮ್ಮೆಯದು.

ಕೆಂಪು ಬೆಳಕು ಮೈಯೊಳಗೆ ಇಳಿಯುವುದು ಒಂದು ಸೆಂಟಿಮೀಟರಿನ ಆಸುಪಾಸು ಮಾತ್ರ. ಹಾಗಾಗಿ ಬೆಳಕಿನ ಈ ಚಿಕಿತ್ಸೆ ಹೆಚ್ಚು ಒದಗುವುದು ಚರ್ಮ, ಅನ್ನನಾಳ ಹಾಗೂ ಎಲೆಅಡಿಕೆ–ಹೊಗೆಸೊಪ್ಪು ಜಗಿಯುವವರನ್ನು ಕಾಡುವ ಬಾಯಿಯ ಕ್ಯಾನ್ಸರಿಗೆ.